ಮಸ್ಕಿಯ ದಾರಿಯಲ್ಲಿ ಎರಡು ಹೊಳೆ, ಒಂದು ನಾಯಿ

ಪ್ರವಾಸ ಎಂದರೆ ನಮ್ಮ ಮನೆಗಳಲ್ಲಿ ವಿಜಯಪುರದ ಗೋಳಗುಮ್ಮಟ, ಕಲಬುರಗಿಯ ಬಂದೇ ನವಾಜ್ ದರ್ಗಾ, ಮಕ್ಕಳು ಹಟ ಹಿಡಿದರೆ ಹಂಪಿ. ಸಹೋದರಿಯರೇ, ಬರುವ ದಸರೆ ರಜೆಯಲ್ಲಿ ಒಮ್ಮೆ ಕೃಷ್ಣೆಯಿಂದ ತುಂಗಭದ್ರೆಯವರೆಗೆ ಹೋಗಿ ಬನ್ನಿ. ಜಲದುರ್ಗ, ಲಿಂಗಸುಗೂರು, ಮಸ್ಕಿ, ಸಿಂಧನೂರು, ಕೊನೆಗೆ ದಢೇಸುಗೂರಿನ ಸೇತುವೆ. ಬೆಳಿಗ್ಗೆ ಬೇಗ ಹೊರಟರೆ ಒಂದೇ ದಿನದ ದಾರಿ. ನಾವು ಹೋದಾಗ ಕ್ರೂಸರ್ ಗಾಡಿಯಲ್ಲಿ ಆರು ಜನ, ಬುತ್ತಿ, ಎರಡು ಗಾಳ, ಜೊತೆಗೆ ಅಣ್ಣನ ಹೊಲ ಕಾಯುವ ನಾಯಿ.

ನಾಯಿಯೇ ಎಂದು ನೀವು ಹುಬ್ಬೇರಿಸಬಹುದು. ನಮ್ಮ ಅಮ್ಮಿಯೂ ಏರಿಸಿದರು. ಹೊಲ, ಕುರಿಹಟ್ಟಿ ಕಾಯಲು ಮತ್ತು ಬೇಟೆಗೆ ನಾಯಿ ಸಾಕಲು ಅನುಮತಿ ಇದೆಯೆಂಬುದು ನಿಮಗೆ ಗೊತ್ತೇ ಇದೆ. ಸೂರಃ ಅಲ್ ಕಹ್ಫ್‌ನಲ್ಲಿ ಗುಹೆಯ ಯುವಕರ ಜೊತೆ ನಾಯಿಯ ಪ್ರಸ್ತಾಪವೂ ಬರುತ್ತದೆ. ಅದರ ಜೊಲ್ಲಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹಿಂದಿನ ಸೀಟು ಮಡಚಿ ಗೋಣಿತಟ್ಟು ಹಾಸಿ, ಅದಕ್ಕೊಂದು ಬೇರೆ ಬಟ್ಟಲು ಇಟ್ಟೆವು. ಜಾನಮಾಜ್, ಬುತ್ತಿ ಮುಂದೆ. ಅಮ್ಮಿಯ ತಕರಾರು ಅಲ್ಲಿಗೆ ಮುಗಿಯಿತು.

ಜಲದುರ್ಗದಲ್ಲಿ ಕೃಷ್ಣೆ ಬಂಡೆಗಳ ನಡುವೆ ಹರಿದು ನಡುಗಡ್ಡೆ ಮಾಡಿದ್ದಾಳೆ. ಮೇಲೆ ಆದಿಲ್‌ಶಾಹಿ ಕಾಲದ ಕೋಟೆ. ಇಲ್ಲಿ ಗಾಳ ಹಾಕುವ ಮೊದಲು ಊರವರನ್ನು ಕೇಳಿ. ಮೇಲ್ಗಡೆ ನಾರಾಯಣಪುರ ಜಲಾಶಯವಿದೆ; ಗೇಟು ತೆರೆದರೆ ಹತ್ತಿರದ ಶೀಲಹಳ್ಳಿ ಸೇತುವೆಯೇ ಮುಳುಗುತ್ತದೆ. ಈ ಹೊಳೆಯಲ್ಲಿ ಮೊಸಳೆಗಳೂ ಇವೆ. ಮಕ್ಕಳಾಗಲಿ ನಾಯಿಯಾಗಲಿ ನೀರಿಗಿಳಿಯಬಾರದು. ನಾವು ದಡದ ಎತ್ತರದ ಬಂಡೆಯ ಮೇಲೆ ಕುಳಿತೆವು. ಗೋಧಿಹಿಟ್ಟಿನ ಕಣಕಕ್ಕೆ ಎರಡು ಜಿಲೇಬಿ ಮೀನು ಸಿಕ್ಕವು, ಅಂಗೈಯಷ್ಟು. ನಾಯಿ ನಮಗಿಂತ ಹೆಚ್ಚು ಏಕಾಗ್ರತೆಯಿಂದ ದಾರವನ್ನೇ ನೋಡುತ್ತಿತ್ತು.

ಲಿಂಗಸುಗೂರು ದಾಟಿದರೆ ನೆರಳು ಕಡಿಮೆ. ಎರಡು ದೊಡ್ಡ ಹೊಳೆಗಳ ನಡುವೆ ಇದ್ದೂ ಬಾಯಾರಿದ ನೆಲವಿದು. ಮಸ್ಕಿಯ ಹಳ್ಳ ಬೇಸಿಗೆಯಲ್ಲಿ ಬರಿಯ ಮರಳು. ನಾವು ದುರ್ಗದ ಗುಡ್ಡದ ಬುಡ ತಲುಪಿದಾಗ ನಡುಮಧ್ಯಾಹ್ನ. ನಾಯಿ ನಾಲಿಗೆ ಚಾಚಿ ತೇಕುತ್ತಿತ್ತು. ಚಹಾದಂಗಡಿಯ ಮುದುಕಿ ಯಾರೂ ಕೇಳದೆಯೇ ಎದ್ದು ಬಂದು, ಒಡೆದ ಮಡಕೆಯ ಚೂರಿಗೆ ನೀರು ಸುರಿದರು. ದಿನವೂ ತಲೆಮೇಲೆ ಹೊತ್ತು ತರುವ ನೀರು! "ಮೂಗು ಜೀವ, ತಾಯಿ" ಎಂದಷ್ಟೇ ಹೇಳಿದರು. ಬಾಯಾರಿದ ನಾಯಿಗಾಗಿ ಬಾವಿಗಿಳಿದು ಮೋಜಾದಲ್ಲಿ ನೀರು ತುಂಬಿ ತಂದವನ ಹದೀಸನ್ನು ಎಷ್ಟು ವರ್ಷ ತರಗತಿಯಲ್ಲಿ ಕಲಿಸಿದ್ದೇನೆ. ಅದನ್ನು ಕಣ್ಣಾರೆ ಕಂಡದ್ದು ಮಸ್ಕಿಯಲ್ಲಿ.

ಆ ಗುಡ್ಡದ ಗವಿಯಲ್ಲೇ ಅಶೋಕನ ಶಾಸನವಿದೆ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಕಂಡುಹಿಡಿದದ್ದು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಅಶೋಕ ಎಂಬ ಹೆಸರು ಸಿಕ್ಕಿದ್ದು ಈ ಬಂಡೆಯಲ್ಲಿ. ದಾರಿಗಳ ಪಕ್ಕ ಮನುಷ್ಯರಿಗೂ ಪ್ರಾಣಿಗಳಿಗೂ ಬಾವಿ ತೋಡಿಸಿ ಮರ ನೆಡಿಸಿದ ಸಂಗತಿ ಮಸ್ಕಿಯಲ್ಲಿಲ್ಲ, ಆಂಧ್ರದ ಎರ್ರಗುಡಿ ಮುಂತಾದೆಡೆಯ ಅವನದೇ ಶಾಸನಗಳಲ್ಲಿದೆ. ಕೆಲವು ದಿನ ಮೀನು ಕೊಲ್ಲಬಾರದು, ಮಾರಬಾರದು ಎಂಬ ಅವನ ಆಜ್ಞೆಯಿರುವ ಒಂದು ಕಂಬವನ್ನು ಹದಿನಾಲ್ಕನೇ ಶತಮಾನದಲ್ಲಿ ದೆಹಲಿಗೆ ಸಾಗಿಸಿ ನಿಲ್ಲಿಸಿದವನು ಸುಲ್ತಾನ ಫಿರೋಜ್ ಷಾ ತುಘಲಕ್. ಇದನ್ನು ಮಕ್ಕಳಿಗೆ ಹೇಳಿ, ಅವರ ಪಾಠಪುಸ್ತಕದಲ್ಲಿ ಇರಲಿ ಬಿಡಲಿ.

ಮೀನಿನ ಆಜ್ಞೆ ಇಂದಿಗೂ ಹಳತಾಗಿಲ್ಲ. ಮುಂಗಾರಿನ ಹೊಸ ನೀರಿನಲ್ಲಿ ಕಾಟ್ಲಾ, ರೋಹು ಮೊಟ್ಟೆಯಿಡುತ್ತವೆ. ಆಗ ಗಾಳ, ಬಲೆ ಬೇಡ. ದಸರೆಯ ಹೊತ್ತಿಗೆ ಆ ಚಿಂತೆ ಕಡಿಮೆ. ಆದರೂ ಮರಿ ಸಿಕ್ಕರೆ ಬಿಟ್ಟುಬಿಡಿ.

ಸಿಂಧನೂರಿನಿಂದಾಚೆ ಕಾಲುವೆ ನೀರಿನ ಭತ್ತದ ಗದ್ದೆಗಳು. ಕಣ್ಣಿಗೆ ತಂಪು, ಹೇಳಲು ಹೆಚ್ಚಿಲ್ಲ. ದಢೇಸುಗೂರಿನಲ್ಲಿ ಸಂಜೆ ನಮ್ಮ ಗಾಳಕ್ಕೆ ಏನೂ ಬೀಳಲಿಲ್ಲ. ಹರಿಗೋಲಿನವರಿಂದ ಒಂದು ರೋಹು ಕೊಂಡೆವು. ಮನೆಗೆ ಬಂದು ಹುಣಸೆಹುಳಿ ಹಾಕಿ ಸಾರು, ಬಿಸಿ ಜೋಳದ ರೊಟ್ಟಿ. ನಾಯಿಗೆ ರೊಟ್ಟಿ ಹಾಕಿ, ಬೇಯಿಸಿದ ಮೀನಿನ ಮುಳ್ಳು ಮಾತ್ರ ಹಾಕಬೇಡಿ, ಗಂಟಲಿಗೆ ಚುಚ್ಚುತ್ತದೆ.