ಒಂದು ನಿಮಿಷದ ಕೆಲಸ

ನಾವು ಹುಡುಗರಾಗಿದ್ದಾಗ ಊರಿನಲ್ಲಿ ಮರಗೆಲಸದ ಹತಾರಗಳು ಇರುತ್ತಿದ್ದುದು ಆಚಾರ್ರ ಮನೆಯಲ್ಲಿ ಮಾತ್ರ. ಬಾಚಿ, ಉಳಿ, ಗರಗಸ, ಉಜ್ಜುಗೊರಡು, ಬೈರಿಗೆ ಎಲ್ಲವೂ ಅಲ್ಲಿ ಗೋಡೆಗೆ ಒರಗಿಕೊಂಡಿರುತ್ತಿದ್ದವು. ಬೈರಿಗೆಯನ್ನು ಒಬ್ಬರು ಹಿಡಿದು ಒತ್ತಬೇಕು, ಇನ್ನೊಬ್ಬರು ಹಗ್ಗ ಎಳೆದು ತಿರುಗಿಸಬೇಕು. ಹೊಸ್ತಿಲಿಗೆ ಒಂದು ತೂತು ಬೀಳುವ ಹೊತ್ತಿಗೆ ನೋಡುತ್ತ ಕುಳಿತವರ ಎಲೆಅಡಿಕೆ ಒಂದು ಸುತ್ತು ಮುಗಿದಿರುತ್ತಿತ್ತು. ಆಗ ಗಾಯಗಳೇ ಆಗುತ್ತಿರಲಿಲ್ಲವೆಂದಲ್ಲ. ಆದರೆ ಕೈ ನಿಂತರೆ ಹತಾರವೂ ನಿಲ್ಲುತ್ತಿತ್ತು.

ಈಗ ಅದೇ ಬೈರಿಗೆ ಡ್ರಿಲ್ ಮಷಿನ್ ಎಂಬ ಹೆಸರಿನಲ್ಲಿ ಮನೆಮನೆಯ ಅಟ್ಟಕ್ಕೆ ಬಂದಿದೆ. ಅದರ ಪಕ್ಕದಲ್ಲಿ ಗ್ರೈಂಡರ್ ಕೂಡ ಇರುತ್ತದೆ; ದೋಸೆ ಹಿಟ್ಟಿನದಲ್ಲ, ಕಬ್ಬಿಣ ಕತ್ತರಿಸುವ ಕೈ ಗ್ರೈಂಡರ್. ತೋಟವಿದ್ದವರ ಮನೆಯಲ್ಲಿ ಕಳೆ ಕೊಚ್ಚುವ ಯಂತ್ರ, ದನವಿದ್ದವರ ಮನೆಯಲ್ಲಿ ಮೇವು ಕತ್ತರಿಸುವ ಯಂತ್ರ. ವಿಜ್ಞಾನ ವಸ್ತುಪ್ರದರ್ಶನ ಹತ್ತಿರ ಬಂತೆಂದರೆ ನಮ್ಮ ಶಾಲೆಯ ಮಕ್ಕಳು ಮಾದರಿ ಮಾಡಲು ಅಟ್ಟ ಹತ್ತಿ ಡ್ರಿಲ್ ಇಳಿಸುತ್ತಾರೆ. ಅವರ ಉತ್ಸಾಹ ಕಂಡರೆ ನನಗೆ ಸಂತೋಷವೇ. ಕೈಯಿಂದ ಮಾಡಿ ಕಲಿತದ್ದು ಮರೆಯುವುದಿಲ್ಲ.

ಈ ಯಂತ್ರಗಳ ಚರಿತ್ರೆ ಬಹಳ ಹಳೆಯದೇನಲ್ಲ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಫೈನ್ ಎಂಬವರ ಕಾರ್ಖಾನೆ 1895ರಲ್ಲಿ ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ಲನ್ನು ತಯಾರಿಸಿತು. ಅಮೆರಿಕದ ಬ್ಲ್ಯಾಕ್ ಮತ್ತು ಡೆಕರ್ ಎಂಬ ಇಬ್ಬರು ಪಿಸ್ತೂಲಿನ ಹಿಡಿ ಮತ್ತು ಕುದುರೆಯಂಥ ಸ್ವಿಚ್ ಇರುವ ಡ್ರಿಲ್ಲಿಗೆ 1917ರಲ್ಲಿ ಪೇಟೆಂಟ್ ಪಡೆದರು. ಇಂದಿಗೂ ಡ್ರಿಲ್ಲಿನ ಆಕಾರ ಅದೇ. ಬೆರಳು ಒತ್ತಿದರೆ ತಿರುಗುತ್ತದೆ, ಬಿಟ್ಟರೆ ವಿದ್ಯುತ್ ನಿಲ್ಲುತ್ತದೆ. ಆದರೆ ವಿದ್ಯುತ್ ನಿಂತಿತೆಂದರೆ ಯಂತ್ರ ನಿಂತಿತೆಂದು ಅರ್ಥವಲ್ಲ. ತಿರುಗುವ ವಸ್ತು ತಿರುಗುತ್ತಲೇ ಇರಲು ಬಯಸುತ್ತದೆ ಎಂದು ಎಂಟು, ಒಂಬತ್ತನೆಯ ತರಗತಿಯಲ್ಲಿ ಜಡತ್ವದ ಪಾಠ ಮಾಡುತ್ತೇವಲ್ಲ, ಆ ಪಾಠ ಗ್ರೈಂಡರಿನ ಡಿಸ್ಕಿಗೂ ಅನ್ವಯಿಸುತ್ತದೆ. ಸ್ವಿಚ್ ಆರಿಸಿದ ಮೇಲೂ ಅದು ಕೆಲವು ಸೆಕೆಂಡು ಸುತ್ತುತ್ತಲೇ ಇರುತ್ತದೆ. ಸುತ್ತುತ್ತಿರುವುದನ್ನೇ ನೆಲಕ್ಕೆ ಇಟ್ಟು ಆಚೆ ತಿರುಗುವವರನ್ನು ನಾನು ಬಹಳ ಕಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ ಬೇಸಿಗೆ ರಜೆ ಮುಗಿದು ಶಾಲೆ ಆರಂಭವಾದಾಗ ಹತ್ತನೆಯ ತರಗತಿಯ ಹುಡುಗನೊಬ್ಬ ಎಡಗಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದ. ರಜೆಯಲ್ಲಿ ಕೈಖರ್ಚಿಗಾಗಲೆಂದು ಒಂದು ಗ್ರಿಲ್ ಅಂಗಡಿಗೆ ಹೋಗುತ್ತಿದ್ದನಂತೆ. ಕಿಟಕಿಯ ಸರಳು ಕತ್ತರಿಸುವಾಗ ಕೆಂಪಗೆ ಕಾದ ಕಬ್ಬಿಣದ ಕಿಡಿ ಕಣ್ಣಿಗೆ ಹಾರಿತ್ತು.

"ಕನ್ನಡಕ ಇರಲಿಲ್ಲವೇನೋ?" ಎಂದೆ.

"ಇತ್ತು ಸಾರ್, ಮೊಳೆಗೆ ನೇತುಹಾಕಿತ್ತು. ಒಂದೇ ಒಂದು ಸರಳು, ಒಂದು ನಿಮಿಷದ ಕೆಲಸ ಅಂತ ಹಾಕ್ಕೊಳ್ಳಲಿಲ್ಲ" ಎಂದ.

ಕಣ್ಣಿನ ವೈದ್ಯರು ಚೂರನ್ನು ತೆಗೆದರು. ಆದರೆ ಅದು ಕಣ್ಣಿನ ಪಾರದರ್ಶಕ ಪೊರೆಯ ನಡುಮಧ್ಯದಲ್ಲೇ ಕಲೆ ಉಳಿಸಿತ್ತು. ಆ ಹುಡುಗನಿಗೆ ಸೈನ್ಯ ಸೇರುವ ಆಸೆ. ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ಓಡುತ್ತಿದ್ದ. ಪಿಯುಸಿ ಮುಗಿಸಿ ಭರ್ತಿಗೆ ಹೋದಾಗ ಓಟದಲ್ಲಿ ಗೆದ್ದು, ಕಣ್ಣಿನ ಪರೀಕ್ಷೆಯಲ್ಲಿ ಹಿಂದಿರುಗಿದ. ಈಗ ಬೇರೆ ಉದ್ಯೋಗದಲ್ಲಿದ್ದಾನೆ, ಚೆನ್ನಾಗಿದ್ದಾನೆ. ಅವನ ಆ ಮಾತು ಮಾತ್ರ ನನ್ನ ತಲೆಯಲ್ಲಿ ಉಳಿಯಿತು: "ಒಂದು ನಿಮಿಷದ ಕೆಲಸ."

ಆ ಒಂದು ನಿಮಿಷದಲ್ಲಿ ಏನಾಗುತ್ತದೆಂದು ಅದೇ ವರ್ಷ ತರಗತಿಯಲ್ಲಿ ಲೆಕ್ಕ ಹಾಕಿಸಿದೆ. ನಾಲ್ಕಿಂಚಿನ ಗ್ರೈಂಡರಿನ ಮೈಮೇಲೆ ಅದರ ವೇಗ ಬರೆದಿರುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 11,000 ಸುತ್ತು. ಡಿಸ್ಕಿನ ವ್ಯಾಸ 100 ಮಿಲಿಮೀಟರ್, ಅಂದರೆ ಪರಿಧಿ 31.4 ಸೆಂಟಿಮೀಟರ್. ಗುಣಿಸಿದರೆ ಡಿಸ್ಕಿನ ಅಂಚು ಒಂದು ನಿಮಿಷದಲ್ಲಿ ಓಡುವ ದೂರ ಸುಮಾರು 3,450 ಮೀಟರ್. ಗಂಟೆಗೆ 207 ಕಿಲೋಮೀಟರ್! ನಮ್ಮ ಊರಿನ ಬಸ್ಸು ಇಳಿಜಾರಿನಲ್ಲೂ ಅದರ ಅರ್ಧ ವೇಗಕ್ಕೆ ಬರುವುದಿಲ್ಲ ಎಂದು ಹಿಂದಿನ ಬೆಂಚಿನಿಂದ ಒಬ್ಬ ಹೇಳಿದ, ತರಗತಿ ನಕ್ಕಿತು.

ಆಮೇಲೆ ಇನ್ನೊಂದು ಪ್ರಯೋಗ. ಇದನ್ನು ಮನೆಯಲ್ಲಿ ನೀವೂ ಮಾಡಬಹುದು. ಒಬ್ಬರು 30 ಸೆಂಟಿಮೀಟರಿನ ಅಳತೆಪಟ್ಟಿಯನ್ನು ಮೇಲ್ತುದಿಯಲ್ಲಿ ಹಿಡಿದು ನೇರವಾಗಿ ತೂಗುಬಿಡಲಿ. ಇನ್ನೊಬ್ಬರು ಸೊನ್ನೆಯ ಬಳಿ ಹೆಬ್ಬೆರಳು, ತೋರುಬೆರಳುಗಳನ್ನು ಮುಟ್ಟದಂತೆ ತೆರೆದಿಟ್ಟುಕೊಳ್ಳಲಿ. ಮುನ್ಸೂಚನೆ ಕೊಡದೆ ಪಟ್ಟಿಯನ್ನು ಬಿಟ್ಟಾಗ ಅದನ್ನು ಹಿಡಿಯಬೇಕು. ಚುರುಕಾದ ಮಕ್ಕಳೂ ಹಿಡಿಯುವುದು ಹೆಚ್ಚುಕಡಿಮೆ 15ರಿಂದ 25 ಸೆಂಟಿಮೀಟರುಗಳ ನಡುವೆ. ಪಟ್ಟಿ 20 ಸೆಂಟಿಮೀಟರ್ ಬೀಳಲು ತೆಗೆದುಕೊಳ್ಳುವ ಕಾಲ 0.2 ಸೆಕೆಂಡು. ಕಣ್ಣು ಕಂಡದ್ದನ್ನು ಮಿದುಳು ತಿಳಿದು, ಬೆರಳಿಗೆ ಅಪ್ಪಣೆ ಕೊಡಲು ಅಷ್ಟು ಹೊತ್ತು ಬೇಕು. ಅದಕ್ಕಿಂತ ಬಹಳ ಬೇಗ ನಮ್ಮಿಂದಾಗದು.

ಆ 0.2 ಸೆಕೆಂಡಿನಲ್ಲಿ ಗ್ರೈಂಡರಿನ ಡಿಸ್ಕು 36 ಸುತ್ತು ಮುಗಿಸಿರುತ್ತದೆ. ಅದರ ಅಂಚು 11 ಮೀಟರಿಗೂ ಹೆಚ್ಚು ಓಡಿರುತ್ತದೆ. ನಮ್ಮ ತರಗತಿ ಕೋಣೆ ಅಷ್ಟು ಉದ್ದವಿಲ್ಲ. "ಹುಷಾರಾಗಿ ಮಾಡ್ತೀನಿ ಬಿಡಿ" ಎನ್ನುವ ಮಾತಿಗೆ ಎಷ್ಟು ಬೆಲೆ ಎಂದು ಈ ಲೆಕ್ಕವೇ ಹೇಳುತ್ತದೆ. ಅಪಾಯ ಕಂಡ ಮೇಲೆ ಕೈ ಹಿಂತೆಗೆಯುತ್ತೇನೆಂದರೆ ಆಗುವುದಿಲ್ಲ. ಆದ್ದರಿಂದ ಜಾಗ್ರತೆಯ ಕೆಲಸವೆಲ್ಲ ಸ್ವಿಚ್ ಒತ್ತುವ ಮೊದಲೇ ಮುಗಿದಿರಬೇಕು. ನಾನು ಹೇಳಬೇಕೆಂದಿರುವುದು ಇಷ್ಟೆ. ಉಳಿದದ್ದು ಅದರ ವಿವರ.

ಮೊದಲನೆಯದು ಗ್ರೈಂಡರಿನ ಮೇಲಿನ ಅರ್ಧಚಂದ್ರಾಕಾರದ ಕವಚ. ಮುಚ್ಚಳವಿಲ್ಲದೆ ಮಿಕ್ಸಿ ಓಡಿಸುವ ತಾಯಂದಿರು ಇಲ್ಲ. ಓಡಿಸಿದರೆ ಚಟ್ನಿಯೆಲ್ಲ ಗೋಡೆಗೆ. ಆದರೆ ಅಡ್ಡಿಯಾಗುತ್ತದೆಂದೋ, ದೊಡ್ಡ ಡಿಸ್ಕು ಹಿಡಿಸುವುದಿಲ್ಲವೆಂದೋ ಗ್ರೈಂಡರಿನ ಕವಚವನ್ನು ಬಿಚ್ಚಿ ಮೂಲೆಗೆಸೆಯುವವರು ಬೇಕಾದಷ್ಟು ಮಂದಿ. ಡಿಸ್ಕು ಒಡೆದರೆ ಹಾರುವುದು ಚಟ್ನಿಯಲ್ಲ. ಏಳಿಂಚಿನ ಡಿಸ್ಕಿನ ಮೇಲೆ ಗರಿಷ್ಠ 8,500 ಸುತ್ತು ಎಂದು ಸಾಮಾನ್ಯವಾಗಿ ಬರೆದಿರುತ್ತದೆ. ಅದನ್ನು 11,000 ಸುತ್ತಿನ ಸಣ್ಣ ಗ್ರೈಂಡರಿಗೆ ಸಿಕ್ಕಿಸಿದರೆ ಡಿಸ್ಕು ತಾಳಬಲ್ಲ ವೇಗವನ್ನು ಮೀರಿಸಿದಂತೆ. ಡಿಸ್ಕಿನ ಸಂಖ್ಯೆ ಯಂತ್ರದ ಸಂಖ್ಯೆಗಿಂತ ಹೆಚ್ಚೇ ಇರಬೇಕು. ಒಳ್ಳೆಯ ಡಿಸ್ಕುಗಳ ನಡುವಿನ ಲೋಹದ ಬಳೆಯ ಮೇಲೆ, ಔಷಧಿಯ ಮೇಲಿರುವಂತೆ, ಬಳಕೆಯ ಕೊನೆಯ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಡಿಸ್ಕಿನಲ್ಲಿ ಕಲ್ಲಿನ ಕಣಗಳನ್ನು ಹಿಡಿದಿಡುವ ರಾಳ ಕಾಲಕ್ರಮದಲ್ಲಿ ದುರ್ಬಲವಾಗುತ್ತದೆ. ಅಟ್ಟದ ಮೇಲೆ ಮಳೆಗಾಲದ ತೇವ ಕುಡಿದ ಹಳೆಯ ಡಿಸ್ಕನ್ನು ಉಳಿತಾಯವೆಂದು ಬಳಸಬಾರದು.

ಎರಡನೆಯದು ನ್ಯೂಟನ್ನನ ಮೂರನೆಯ ನಿಯಮ. ಕತ್ತರಿಸುವ ವಸ್ತು ಅಲುಗಾಡಿ ಡಿಸ್ಕನ್ನು ಕಚ್ಚಿಕೊಂಡರೆ ಯಂತ್ರ ಹಿಂದಕ್ಕೆ ಜಿಗಿಯುತ್ತದೆ. ಡ್ರಿಲ್ಲಿನ ಮೊನೆ ಸಿಕ್ಕಿಕೊಂಡರೆ ಮೊನೆಯ ಬದಲು ಡ್ರಿಲ್ಲೇ ತಿರುಗಿ ಮಣಿಕಟ್ಟನ್ನು ತಿರುಚುತ್ತದೆ. ಆದ್ದರಿಂದ ವಸ್ತುವನ್ನು ಕಾಲಿನಿಂದ ಮೆಟ್ಟಿಕೊಂಡೋ, ತಮ್ಮನ ಕೈಯಲ್ಲಿ ಹಿಡಿಸಿಯೋ ಕೆಲಸ ಮಾಡಕೂಡದು. ವೈಸ್‌ನಲ್ಲೋ ಕ್ಲಾಂಪಿನಲ್ಲೋ ಬಿಗಿಯಬೇಕು. ಯಂತ್ರದ ಜೊತೆ ಕೊಡುವ ಪಕ್ಕದ ಹಿಡಿಯನ್ನು ಹಾಕಿ ಎರಡೂ ಕೈಯಲ್ಲಿ ಹಿಡಿಯಬೇಕು. ಡಿಸ್ಕು ಸುತ್ತುವ ಗೆರೆಗೆ ನೇರವಾಗಿ ನಿಲ್ಲದೆ ಸ್ವಲ್ಪ ಪಕ್ಕಕ್ಕೆ ನಿಲ್ಲಬೇಕು. ಕಳೆ ಕೊಚ್ಚುವ ಯಂತ್ರ ಸಣ್ಣ ಕಲ್ಲನ್ನೂ ಬಹಳ ದೂರಕ್ಕೆ ಎಸೆಯುತ್ತದೆ. ಅದು ಓಡುವಾಗ ಮಕ್ಕಳು ಹತ್ತಿರ ಸುಳಿಯಬಾರದು.

ಮೂರನೆಯದು ಉಡುಪು. ತಿರುಗುವ ಯಂತ್ರ ಮೊದಲು ಹಿಡಿಯುವುದು ಸಡಿಲವಾಗಿರುವುದನ್ನು. ದುಪಟ್ಟಾ, ಬಿಟ್ಟ ಜಡೆ, ಲುಂಗಿಯ ಚುಂಗು, ಜೋಲುವ ತೋಳು, ದೇವಸ್ಥಾನದಲ್ಲಿ ಕಟ್ಟಿಸಿಕೊಂಡ ಕೈದಾರ ಯಾವುದಾದರೂ ಆಗಬಹುದು. ದಾರವನ್ನು ಬಿಚ್ಚಲು ಮನಸ್ಸಿಲ್ಲದಿದ್ದರೆ ಬಿಗಿಯಾದ ತೋಳಿನೊಳಗೆ ಸೇರಿಸಿಕೊಳ್ಳಿ. ಡ್ರಿಲ್ ಬಳಸುವಾಗ ಸಡಿಲವಾದ ಬಟ್ಟೆಯ ಕೈಗವಸು ರಕ್ಷಣೆಯಲ್ಲ, ಅದೇ ಅಪಾಯ. ನೂಲು ಸುತ್ತಿಕೊಂಡರೆ ಬೆರಳೂ ಜೊತೆಗೆ ಹೋಗುತ್ತದೆ. ಕಣ್ಣಿಗೆ ಮಾತ್ರ ಪಕ್ಕಗಳೂ ಮುಚ್ಚುವ ರಕ್ಷಣಾ ಕನ್ನಡಕ ಬೇಕೇ ಬೇಕು. ಓದುವ ಕನ್ನಡಕ, ಬಿಸಿಲಿನ ಕನ್ನಡಕ ಅದಕ್ಕೆ ಬದಲಿಯಲ್ಲ.

ನಾಲ್ಕನೆಯದು ವಿದ್ಯುತ್ತು. ಪ್ಲಗ್ ಮುರಿದಿದೆಯೆಂದು ಬರಿಯ ವೈರುಗಳನ್ನು ಬೆಂಕಿಕಡ್ಡಿ ಸಿಕ್ಕಿಸಿ ಸಾಕೆಟ್ಟಿಗೆ ಚುಚ್ಚುವ ಕಲೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ದಯವಿಟ್ಟು ಅದನ್ನು ಮಕ್ಕಳಿಗೆ ಕಲಿಸಬೇಡಿ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಭೂಸಂಪರ್ಕದ ಪಿನ್ನು ಉದ್ದವಾಗಿರುವುದು ಅದು ಮೊದಲು ಸೇರಿ ಕೊನೆಗೆ ಬಿಡಲೆಂದು. ಎರಡೇ ಪಿನ್ನಿರುವ ಯಂತ್ರದ ಮೇಲೆ ಚೌಕದೊಳಗೊಂದು ಚೌಕದ ಗುರುತಿದೆಯೇ ನೋಡಿ. ಅದು ಇಮ್ಮಡಿ ನಿರೋಧಕ ಹೊದಿಕೆಯ ಗುರುತು. 9 ವ್ಯಾಟ್‌ನ ಎಲ್‌ಇಡಿ ಬಲ್ಬು ಎಳೆಯುವುದು ಸುಮಾರು 40 ಮಿಲಿಆಂಪಿಯರ್. ಅಷ್ಟು ವಿದ್ಯುತ್ತು ಎದೆಯ ಮೂಲಕ ಹಾದರೆ ಪ್ರಾಣಕ್ಕೇ ಸಂಚಕಾರ ಬರಬಹುದು. ಎಂಸಿಬಿ ಕಾಯುವುದು ವೈರನ್ನು. ಮನುಷ್ಯನನ್ನು ಕಾಯಲು 30 ಮಿಲಿಆಂಪಿಯರ್ ಸೋರಿಕೆಗೇ ಬೀಳುವ ಆರ್‌ಸಿಸಿಬಿ ಬೇಕು. ಮನೆಯಲ್ಲಿ ಇಲ್ಲದಿದ್ದರೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿ.

ಕರೆಂಟು ಹೋಗಿ ಬರುವ ನಮ್ಮ ಊರುಗಳಲ್ಲಿ ಇನ್ನೊಂದು ಅಪಾಯವುಂಟು. ಗ್ರೈಂಡರ್ ಓಡುತ್ತಿರುವಾಗ ಕರೆಂಟು ಹೋಗುತ್ತದೆ. ಸ್ವಿಚ್ ಆರಿಸುವುದನ್ನು ಮರೆತು ಕೆಳಗಿಟ್ಟು ಕಾಫಿಗೆ ಹೋಗುತ್ತಾರೆ. ಕರೆಂಟು ಬಂದಾಗ ಯಂತ್ರ ತಾನಾಗಿಯೇ ಎದ್ದು ಕುಣಿಯುತ್ತದೆ. ಕರೆಂಟು ಹೋದ ಕೂಡಲೇ ಸ್ವಿಚ್ ಆರಿಸಬೇಕು, ಪ್ಲಗ್ ಕೀಳಬೇಕು. ಡಿಸ್ಕು, ಮೊನೆ ಬದಲಿಸುವಾಗಲೂ ಅಷ್ಟೆ. ಸ್ವಿಚ್ ಆರಿಸಿದ್ದರೆ ಸಾಲದು, ಪ್ಲಗ್ ಕಣ್ಣಿಗೆ ಕಾಣುವಂತೆ ಹೊರಗಿರಬೇಕು.

ಐದನೆಯದು ಧೂಳು. ಗ್ರಾನೈಟ್, ಟೈಲ್ಸ್ ಕತ್ತರಿಸುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶದಲ್ಲಿ ಉಂಟುಮಾಡುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ. ಭಾರತದಲ್ಲಿ ಅದು ಮೊದಲು ವರದಿಯಾದದ್ದು 1934ರಲ್ಲಿ, ನಮ್ಮದೇ ಕೋಲಾರದ ಚಿನ್ನದ ಗಣಿಗಳಲ್ಲಿ. ನೀರು ಹಾಯಿಸುತ್ತ ಕತ್ತರಿಸಲೆಂದೇ ಮಾಡಿದ ಯಂತ್ರಗಳಿವೆ. ಅಂಥದನ್ನು ಆರ್‌ಸಿಸಿಬಿ ಇರುವ ಕಡೆ ಮಾತ್ರ ಬಳಸಬೇಕು. ಮೂಗಿಗೆ ಕರವಸ್ತ್ರ ಕಟ್ಟಿದರೆ ಈ ಸೂಕ್ಷ್ಮ ಧೂಳು ನಿಲ್ಲುವುದಿಲ್ಲ, ಮುಖಕ್ಕೆ ಬಿಗಿಯಾಗಿ ಕೂರುವ ಧೂಳಿನ ಮಾಸ್ಕ್ ಬೇಕು.

ಇಷ್ಟಾಗಿಯೂ ಅನಾಹುತವಾದರೆ? ಕಣ್ಣಿಗೆ ಚೂರು ನೆಟ್ಟರೆ ಉಜ್ಜಬೇಡಿ, ಸೆರಗಿನ ತುದಿಯಿಂದ ತೆಗೆಯಲು ಹೋಗಬೇಡಿ. ಕಣ್ಣಿಗೆ ಒತ್ತದಂತೆ ಒಂದು ಶುಭ್ರವಾದ ಲೋಟವನ್ನು ಮರೆಮಾಡಿ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಗಾಯಕ್ಕೆ ಕಾಫಿಪುಡಿ, ಅರಿಶಿನ ತುಂಬಬೇಡಿ. ಶುಭ್ರವಾದ ಬಟ್ಟೆಯಿಂದ ಒತ್ತಿಹಿಡಿಯಿರಿ. ಬೆರಳೇ ತುಂಡಾದರೆ ಆ ತುಂಡನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಿ. ಮಂಜುಗಡ್ಡೆ ನೇರವಾಗಿ ಬೆರಳಿಗೆ ತಾಗಬಾರದು. ತಡಮಾಡದೆ ಹೋದರೆ ಮತ್ತೆ ಜೋಡಿಸಲು ಸಾಧ್ಯವಾಗಬಹುದು. 108ಕ್ಕೆ ಫೋನ್ ಮಾಡಲು ಮನೆಯ ಚಿಕ್ಕ ಮಕ್ಕಳಿಗೂ ಗೊತ್ತಿರಲಿ.

ಪಾಲಕರಲ್ಲಿ ಒಂದು ಮಾತು. ರಜೆಯಲ್ಲಿ ಹುಡುಗ ಸುಮ್ಮನೆ ತಿರುಗುವ ಬದಲು ಕೆಲಸ ಕಲಿಯಲಿ ಎನ್ನುತ್ತೀರಿ, ಒಳ್ಳೆಯದೇ. ಆದರೆ 14 ವರ್ಷದೊಳಗಿನವರನ್ನು ದುಡಿಮೆಗೆ ಹಚ್ಚುವುದನ್ನೂ, 14ರಿಂದ 18ರವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವುದನ್ನೂ 2016ರ ತಿದ್ದುಪಡಿಯಾದ ಕಾನೂನು ನಿಷೇಧಿಸುತ್ತದೆ. ಮನೆಯಲ್ಲೇ ಕಲಿಸುವುದಾದರೆ ಪಕ್ಕದಲ್ಲಿ ನೀವಿರಿ. ಯಂತ್ರವನ್ನು ಕೊಳ್ಳುವ ದಿನವೇ ಕನ್ನಡಕವನ್ನೂ ಕೊಳ್ಳಿ. ಮತ್ತು ಅದನ್ನು ಮೊದಲು ನೀವೇ ಹಾಕಿಕೊಳ್ಳಿ. ಅಪ್ಪ ಬರಿಗಣ್ಣಲ್ಲಿ ಕಬ್ಬಿಣ ಕತ್ತರಿಸುವುದನ್ನು ಕಂಡ ಮಗನಿಗೆ ಯಾವ ಮೇಷ್ಟರ ಪಾಠವೂ ನಾಟುವುದಿಲ್ಲ.

ಆಯುಧಪೂಜೆಯ ದಿನ ಯಂತ್ರಗಳಿಗೆ ಕುಂಕುಮ, ಹೂವು ಏರಿಸುತ್ತೇವೆ. ಈ ಸಲ ಅದಕ್ಕೆ ಮೊದಲು ಮಕ್ಕಳನ್ನು ಕೂರಿಸಿಕೊಂಡು, ಪ್ಲಗ್ ಕಿತ್ತಿಟ್ಟು, ಒಂದೊಂದನ್ನೂ ಒರೆಸಿ ನೋಡಿ. ವೈರು ಎಲ್ಲಾದರೂ ಸುಲಿದಿದೆಯೇ, ಕವಚ ಸ್ಥಾನದಲ್ಲಿದೆಯೇ, ಡಿಸ್ಕು ಬಿರಿದಿದೆಯೇ? ಯಂತ್ರದ ಮೈಮೇಲಿನ ಸಂಖ್ಯೆಗಳನ್ನು ಮಕ್ಕಳೇ ಓದಿ ಬರೆದುಕೊಳ್ಳಲಿ. ಅಂಚಿನ ವೇಗವೆಷ್ಟು, 0.2 ಸೆಕೆಂಡಿನಲ್ಲಿ ಎಷ್ಟು ಸುತ್ತು ಎಂದು ಲೆಕ್ಕ ಹಾಕಲಿ. ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರದ ಪೆಟ್ಟಿಗೆಗೆ ಅಂಟಿಸಿದರೆ, ಮುಂದೆ ಅದನ್ನು ತೆರೆಯುವವರೆಲ್ಲರೂ ಓದುತ್ತಾರೆ.