ಮಣ್ಣು ಸರಿಸುವ ಚಟ

ರಸ್ತೆ ಬದಿಯಲ್ಲಿ ಜೆಸಿಬಿ ಗುಂಡಿ ತೋಡುತ್ತಿದ್ದರೆ ನಿಂತು ನೋಡದೆ ಮುಂದೆ ಹೋಗುವುದು ನನ್ನಿಂದಾಗದು. ಪಕ್ಕದಲ್ಲಿ ಪಿಂಚಣಿದಾರರೊಬ್ಬರು, ಹಾಲಿನ ಪ್ಯಾಕೆಟ್ ಹಿಡಿದ ಹುಡುಗ, ಹೆಲ್ಮೆಟ್ಟನ್ನೂ ತೆಗೆಯದೆ ಸ್ಕೂಟರ್ ನಿಲ್ಲಿಸಿದವರು. ಯಾರಿಗೂ ಆ ಗುಂಡಿಯಿಂದ ಆಗಬೇಕಾದ್ದೇನಿಲ್ಲ. ಆದರೂ "ಸ್ವಲ್ಪ ಎಡಕ್ಕೆ ಹಾಕ್ಬೇಕಿತ್ತು ಕಣ್ರೀ" ಎಂಬ ಸಲಹೆ ಯಾರದಾದರೂ ಬಾಯಿಂದ ಬಂದೇ ಬರುತ್ತದೆ. ಮನೆಯಲ್ಲಿ ಇದನ್ನು ಕೆಲಸವಿಲ್ಲದವರ ಕೆಲಸ ಎನ್ನುತ್ತಾರೆ. ಎನ್ನಲಿ. ಇದೇ ಚಟ ಜೋರಾಗಿ ಹತ್ತಿದ ಒಬ್ಬ ಅಮೆರಿಕನ್ ಮನುಷ್ಯ ನನ್ನ ಪಾಲಿಗೆ ದೊಡ್ಡ ಸಮಾಧಾನ.

ರಾಬರ್ಟ್ ಗಿಲ್ಮೋರ್ ಲೆಟರ್ನೋ ಹುಟ್ಟಿದ್ದು 1888ರಲ್ಲಿ, ವರ್ಮಾಂಟಿನಲ್ಲಿ. ಶಾಲೆಗೆ ಬೇಗನೆ ದೊಡ್ಡ ನಮಸ್ಕಾರ ಹಾಕಿದ. ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ನಿನಲ್ಲಿ ಇಟ್ಟ ಗ್ಯಾರೇಜು ಸಾಲ ಹೊರಿಸಿತು. ಆಗ ಯಾರದೋ ಹೋಲ್ಟ್ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಟ್ಟ. ಅದರ ಮಾಲೀಕನ ನಲವತ್ತು ಎಕರೆ ಮಟ್ಟ ಮಾಡುವ ಕೆಲಸವೂ ಸಿಕ್ಕಿತು. ಮೂವತ್ತು ದಾಟಿದವನಿಗೆ ಹುಚ್ಚು ಹಿಡಿದದ್ದು ಅಲ್ಲೇ. 1920ರಲ್ಲಿ ಒಂದು ಹಳೆಯ ಟ್ರ್ಯಾಕ್ಟರ್ ಕೊಂಡ.

ಮಣ್ಣಿನ ಕೆಲಸ ಎಂದರೆ ನಮ್ಮಲ್ಲಿ ಗುದ್ದಲಿ, ಸನಿಕೆ, ಬುಟ್ಟಿ: ಒಬ್ಬ ಅಗೆಯಬೇಕು, ಒಬ್ಬ ತುಂಬಬೇಕು, ಇನ್ನೊಬ್ಬಳು ಹೊರಬೇಕು, ಏರಿಯ ಮೇಲೆ ಮತ್ತೊಬ್ಬ ಹರಡಬೇಕು. ಸ್ಕ್ರೇಪರ್ ಈ ನಾಲ್ಕೂ ಕೆಲಸವನ್ನು ತಾನೇ ಮಾಡುತ್ತದೆ. ಎರಡು ಚಕ್ರಸಾಲುಗಳ ನಡುವೆ ತೂಗುವ ಉಕ್ಕಿನ ತೊಟ್ಟಿ ಅದು. ತಗ್ಗಿಸಿದರೆ ಅದರ ಅಲಗು ನೆಲವನ್ನು ಹೆರೆಯುತ್ತದೆ, ಮಣ್ಣು ತಾನಾಗಿ ಒಳಗೆ ಉಕ್ಕುತ್ತದೆ. ಎತ್ತಿಕೊಂಡು ಓಡಿ, ಬೇಕಾದಲ್ಲಿ ತೆಳ್ಳಗೆ ಸುರಿಯುತ್ತದೆ. ಕುದುರೆ, ಹೇಸರಗತ್ತೆ ಎಳೆಯುವ ಸಣ್ಣ ಸ್ಕ್ರೇಪರುಗಳು ಅಮೆರಿಕದಲ್ಲಿ ಹಿಂದಿನಿಂದಲೂ ಇದ್ದವು. ಸ್ಕ್ರೇಪರುಗಳನ್ನು ತಾನೇ ತಯಾರಿಸತೊಡಗಿದ ಲೆಟರ್ನೋ ರಿವೆಟ್ ಬಿಟ್ಟು ವೆಲ್ಡಿಂಗ್ ಹಿಡಿದ. 1930ರ ದಶಕದಲ್ಲಿ ಕಬ್ಬಿಣದ ಗಾಲಿ ಕಿತ್ತು ಗಾಳಿ ತುಂಬಿದ ಟಯರು ಹಾಕಿದ. ಆಮೇಲೆ ಎಳೆಯುವ ಟ್ರ್ಯಾಕ್ಟರನ್ನೇ ಸ್ಕ್ರೇಪರಿಗೆ ಸೇರಿಸಿ 'ಟೂರ್ನಪುಲ್' ಮಾಡಿದ. ಅವನ ಹೆಸರಿಗೆ ಬಂದ ಪೇಟೆಂಟುಗಳು ಮುನ್ನೂರರ ಹತ್ತಿರ.

ಎರಡನೇ ಮಹಾಯುದ್ಧ ಅವನ ಕಾರ್ಖಾನೆಗಳನ್ನು ಹಗಲಿರುಳು ಓಡಿಸಿತು. 1942ರಲ್ಲಿ ಸುಮಾರು 2,700 ಕಿಲೋಮೀಟರಿನ ಅಲಾಸ್ಕಾ ಹೆದ್ದಾರಿಯನ್ನು ಎಂಟು ತಿಂಗಳೊಳಗೆ ಕಡಿದು ಮುಗಿಸಿದ್ದು ಇಂಥ ಯಂತ್ರಯುಗದಲ್ಲೇ. ಅಸ್ಸಾಮಿನ ಲೇಡೋದಿಂದ ಬರ್ಮಾ ಕಾಡು ಸೀಳಿಕೊಂಡು ಹೋದ ರಸ್ತೆಯ ಚಿತ್ರಗಳಲ್ಲೂ ಬುಲ್‌ಡೋಜರೇ ನಾಯಕ. ಜೊತೆಗೆ ದುಡಿದ ಸಾವಿರಾರು ಭಾರತೀಯ ಕೂಲಿಗಳು ಫೋಟೋದ ಅಂಚಿನಲ್ಲಿ ಸಿಕ್ಕರೆ ಪುಣ್ಯ.

ಮನುಷ್ಯ ಪರಮ ದೈವಭಕ್ತ. ಆದಾಯದ ಹತ್ತನೇ ಒಂದು ಭಾಗ ದೇವರಿಗೆ ಎಂಬುದು ಕ್ರೈಸ್ತರ ವಾಡಿಕೆ. ಈತ ನೂರಕ್ಕೆ ತೊಂಬತ್ತು ಪಾಲು ಅಲ್ಲಿಗೆ ಕೊಟ್ಟು ಹತ್ತನ್ನು ತಾನಿಟ್ಟುಕೊಂಡ. ದೇವರು ನಿಲ್ಲಿಸಿದ ಗುಡ್ಡವನ್ನು ಕೆಡವಿ, ಬಂದ ಲಾಭವನ್ನು ದೇವರಿಗೇ ಒಪ್ಪಿಸುವ ಈ ಲೆಕ್ಕ ಯಾವ ಆಡಿಟರಿಗೆ ಅರ್ಥವಾದೀತೋ! 1950ರ ದಶಕದಲ್ಲಿ ಪೆರುವಿನ ಅಮೆಜಾನ್ ಸೀಮೆಯಲ್ಲಿ ಟೂರ್ನವಿಸ್ಟಾ ಎಂಬ ಊರು ಕಟ್ಟಲು ಹೊರಟು, ಮರಗಳನ್ನು ಬುಡಸಮೇತ ಉರುಳಿಸಿ ತುಳಿಯುವ ಯಂತ್ರಗಳನ್ನು ಕಳಿಸಿದ. ಚಟ ಎಲ್ಲಿ ಮುಗಿದು ಧರ್ಮ ಎಲ್ಲಿ ಶುರುವಾಗುತ್ತದೆಂದು ಅವನಿಗೂ ಗೊತ್ತಿದ್ದಂತಿಲ್ಲ. ಅಲ್ಲಿ ನನ್ನ ಮೆಚ್ಚುಗೆ ನಿಲ್ಲುತ್ತದೆ.

1953ರಲ್ಲಿ ಮಣ್ಣು ಯಂತ್ರಗಳ ವ್ಯಾಪಾರವನ್ನು ವೆಸ್ಟಿಂಗ್‌ಹೌಸ್ ಏರ್ ಬ್ರೇಕ್ ಕಂಪನಿಗೆ ಮಾರಿದ. ಆ ಕಂಪನಿಯ ಕೈಯಲ್ಲಿ 1957ರ ಸುಮಾರಿಗೆ ಹುಟ್ಟಿದ 'ಹಾಲ್‌ಪ್ಯಾಕ್' ಡಂಪರಿಗೆ ನಮ್ಮ ನಂಟಿದೆ: 1964ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಬಿಇಎಂಎಲ್ ಆ ಹೆಸರಿನ ಡಂಪರುಗಳನ್ನು ತಯಾರಿಸಿ ಕಲ್ಲಿದ್ದಲ ಗಣಿಗಳಿಗೆ ಕಳಿಸಿತು.

ಮಾರಿದವನು ಸುಮ್ಮನೆ ಕೂರಲಿಲ್ಲ. ಪ್ರತಿ ಚಕ್ರದೊಳಗೂ ಒಂದು ವಿದ್ಯುತ್ ಮೋಟಾರು ಕೂರಿಸಿದರೆ ಗೇರುಬಾಕ್ಸಿನ ಗೊಡವೆಯೇ ಬೇಡ ಎಂಬ ಯೋಚನೆ ಹೊಕ್ಕಿತು. ಅದು ಬೆಳೆದು, ಹಳಿಯೇ ಇಲ್ಲದೆ ಮರುಭೂಮಿಯಲ್ಲಿ ಓಡುವ, 170 ಮೀಟರಿಗೂ ಉದ್ದದ, 54 ಚಕ್ರಗಳ ರೈಲಾಯಿತು. ಅಮೆರಿಕದ ಸೇನೆ ಅರಿಜೋನಾದ ಯೂಮಾದಲ್ಲಿ ಅದನ್ನು 1962ರಲ್ಲಿ ಪರೀಕ್ಷಿಸಿತು. ಅಷ್ಟರಲ್ಲಿ ಭಾರ ಹೊರುವ ಹೆಲಿಕಾಪ್ಟರುಗಳು ಬಂದಿದ್ದವು. ರೈಲು ಗುಜರಿಗೆ ಹೋಯಿತು, ಮುಂದಿನ ಕ್ಯಾಬಿನ್ ಮಾತ್ರ ಉಳಿಯಿತು. ಮೋಟಾರು ಹೊತ್ತ ಚಕ್ರವನ್ನು ಗಣಿಗಳವರು ಬಿಡಲಿಲ್ಲ. ಇವತ್ತಿನ ಭಾರೀ ಡಂಪರುಗಳಲ್ಲಿ ಅನೇಕವು ಡೀಸೆಲ್ ಸುಟ್ಟು ವಿದ್ಯುತ್ ಹುಟ್ಟಿಸಿ, ಅದೇ ಉಪಾಯದಲ್ಲಿ ಗಾಲಿ ತಿರುಗಿಸಿಕೊಂಡು ಗುಡ್ಡ ಹತ್ತುತ್ತವೆ.