ಅವರವರ ಬ್ಯಾಗ್ ಅವರವರೇ ತುಂಬಲಿ

ಪ್ರವಾಸ ಎಂದರೆ ಮನೆಮಂದಿಗೆಲ್ಲ ಬಿಡುವು. ಆದರೆ ಗೃಹಿಣಿಗೆ ಆ ಬಿಡುವಿಗಿಂತ ಒಂದು ವಾರ ಮೊದಲೇ ಹೆಚ್ಚುವರಿ ಕೆಲಸ ಶುರುವಾಗಿರುತ್ತದೆ. ಬಟ್ಟೆ ಒಗೆದು, ಇಸ್ತ್ರಿ ಹಾಕಿ, ಯಾರಿಗೆ ಏನು ಬೇಕೆಂದು ನೆನಪಿಟ್ಟು ತುಂಬುವವಳು ಅವಳೇ. ದಾರಿಯಲ್ಲಿ ಹಲ್ಲುಜ್ಜುವ ಬ್ರಶ್ ಸಿಗದಿದ್ದರೆ "ಎಲ್ಲಿಟ್ಟಿದ್ದೀ?" ಎಂಬ ಪ್ರಶ್ನೆಗೆ ಉತ್ತರಿಸಬೇಕಾದವಳೂ ಅವಳೇ.

ನಾವು ಮಂಗಳೂರಿನವರು. ಸೌದಿ ಅರೇಬಿಯದ ದಮ್ಮಾಮ್‌ನಲ್ಲಿ ನೆಲೆಸಿ ಕೆಲವು ವರ್ಷಗಳಾದವು. ಇಲ್ಲಿನ ಭಾರತೀಯ ಶಾಲೆಗಳಿಗೆ ಬೇಸಿಗೆ ರಜೆ ಜುಲೈ-ಆಗಸ್ಟ್‌ನಲ್ಲಿ. 2024ರ ಜುಲೈಯಲ್ಲಿ ಐವರಿಗೆ ಊರಿನ ವಿಮಾನ ಟಿಕೆಟ್ ಕೈಗೆಟುಕುವಂತಿರಲಿಲ್ಲ. ಆದ್ದರಿಂದ ಕಾರಿನಲ್ಲೇ ಯುಎಇ ದಾಟಿ ಒಮಾನ್‌ನ ಸಲಾಲಕ್ಕೆ ಹೋಗೋಣವೆಂದು ನಿರ್ಧರಿಸಿದೆವು. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ 'ಖರೀಫ್' ಕಾಲ. ನಮ್ಮ ಕರಾವಳಿಗೆ ಮಳೆ ತರುವ ನೈರುತ್ಯ ಮಾರುತವೇ ಅಲ್ಲಿನ ದೋಫಾರ್ ಬೆಟ್ಟಗಳಿಗೆ ಮಂಜು ಮತ್ತು ತುಂತುರು ಹನಿ ತರುತ್ತದೆ. ಕೊಲ್ಲಿಯ ಉಳಿದೆಡೆ 45 ಡಿಗ್ರಿ ಬಿಸಿಲು ಸುಡುತ್ತಿರುವಾಗ ಅಲ್ಲಿ 25 ಡಿಗ್ರಿಯ ಆಸುಪಾಸು. ರಸ್ತೆ ಬದಿಯಲ್ಲಿ ಸೀಯಾಳ ಮತ್ತು ಬಾಳೆಗೊನೆಗಳ ಅಂಗಡಿ. ಉಳ್ಳಾಲಕ್ಕೇ ಬಂದೆವೋ ಎನಿಸುತ್ತದೆ.

ಮೂರು ದೇಶ, ಎರಡು ಹವೆ. ಹಾಗಾದರೆ ಬ್ಯಾಗಿಗೆ ಏನೇನು ಹಾಕಬೇಕು?

"ಅಲ್ಲಾಹನಿದ್ದಾನೆ, ಏನಾದರೂ ಆಗುತ್ತದೆ, ಇಷ್ಟೆಲ್ಲ ಯಾಕೆ?" ಎಂದು ನಮ್ಮವರು ನಕ್ಕರು. ಆಗ ನನಗೆ ಇಬ್ನು ಅಬ್ಬಾಸ್(ರ)ರಿಂದ ವರದಿಯಾಗಿರುವ ಒಂದು ವಿಷಯ ನೆನಪಾಯಿತು. ಯಮನ್‌ನ ಜನರು ತಾವು ಅಲ್ಲಾಹನಲ್ಲಿ ಭರವಸೆ ಇಟ್ಟವರೆನ್ನುತ್ತಾ ಬುತ್ತಿಯಿಲ್ಲದೆ ಹಜ್ಜ್‌ಗೆ ಹೊರಡುತ್ತಿದ್ದರು. ಮಕ್ಕಾ ತಲುಪಿದ ಮೇಲೆ ಜನರ ಮುಂದೆ ಕೈಚಾಚುತ್ತಿದ್ದರು. ಪ್ರಯಾಣಕ್ಕೆ ಬುತ್ತಿ ಒಯ್ಯಬೇಕೆಂಬ ಅಲ್ ಬಕರ ಅಧ್ಯಾಯದ 197ನೇ ಸೂಕ್ತ ಅವತೀರ್ಣವಾದುದು ಆ ಸಂದರ್ಭದಲ್ಲಿ. ಅಂದರೆ ಬ್ಯಾಗ್ ತುಂಬುವುದು ತವಕ್ಕುಲ್‌ಗೆ ವಿರುದ್ಧವಲ್ಲ. ನಾವು ಇತರರಿಗೆ ಹೊರೆಯಾಗದಿರಲು ಮಾಡುವ ಏರ್ಪಾಡು ಅದು. ಶ್ರೇಷ್ಠ ಬುತ್ತಿ ದೇವಭಯವೆಂದು ಅದೇ ಸೂಕ್ತ ನೆನಪಿಸುವುದನ್ನೂ ಮರೆಯಬಾರದು. ಬಂಧುಗಳ ಮುಂದೆ ತೋರಿಸಿಕೊಳ್ಳಲೆಂದು ತುಂಬುವ ಜರಿ ಬಟ್ಟೆಗಳಿಗೆ ಅದರಲ್ಲಿ ಜಾಗವಿಲ್ಲ.

ಕೊಂಡೊಯ್ಯುವುದಕ್ಕಿಂತ ಬಿಟ್ಟು ಹೋಗುವುದರ ಪಟ್ಟಿಯನ್ನೇ ನಾನು ಮೊದಲು ಮಾಡಿದೆ. ಮಸಾಲೆ ಡಬ್ಬಿಯಲ್ಲಿ ಮೊದಲು ಹುಡುಕಿದ್ದು ಗಸಗಸೆಯನ್ನು. ನಮ್ಮ ಕುರ್ಮಾಕ್ಕೆ ಅದು ಸಾಮಾನ್ಯ ವಸ್ತು, ಆದರೆ ಸೌದಿ ಮತ್ತು ಯುಎಇಯಲ್ಲಿ ಮಾದಕ ವಸ್ತುಗಳ ಸಾಲಿಗೆ ಸೇರಿದ ನಿಷಿದ್ಧ ಪದಾರ್ಥ. ಊರಿನಿಂದ ಬರುವ ಮಸಾಲೆ ಪುಡಿಯಲ್ಲಿ ಅದು ಬೆರೆತಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಕೋಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್‌ನಂತಹ ನೋವಿನ ಮಾತ್ರೆಗಳೂ ಅಷ್ಟೇ, ಅನುಮತಿಯಿಲ್ಲದೆ ಒಯ್ದರೆ ಜೈಲು ಕಾಣಬೇಕಾದೀತು. ಉಳಿದ ಔಷಧಿಗಳನ್ನೂ ಅವುಗಳ ಮೂಲ ಪೆಟ್ಟಿಗೆಯಲ್ಲೇ, ವೈದ್ಯರ ಚೀಟಿಯೊಂದಿಗೆ ಇಟ್ಟೆ.

ದೊಡ್ಡ ಚಿಂತೆ ನಮ್ಮವರ ಇನ್ಸುಲಿನ್‌ನದ್ದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಸಿ 60 ಡಿಗ್ರಿ ದಾಟಬಹುದು. ಬಳಕೆಯಲ್ಲಿರುವ ಇನ್ಸುಲಿನ್ 30 ಡಿಗ್ರಿಯ ಒಳಗಿರಬೇಕು. ಹಾಗೆಂದು ಮಂಜುಗಡ್ಡೆಗೆ ತಾಗಿಸಿ ಇಡುವಂತೆಯೂ ಇಲ್ಲ, ಹೆಪ್ಪುಗಟ್ಟಿದರೆ ಅದು ಕೆಟ್ಟಂತೆಯೇ. ಟವೆಲಿನಲ್ಲಿ ಸುತ್ತಿ ತಂಪು ಪೆಟ್ಟಿಗೆಯಲ್ಲಿಟ್ಟು, ಕಾರಿನಿಂದ ಇಳಿದಾಗಲೆಲ್ಲ ಪೆಟ್ಟಿಗೆಯನ್ನೂ ಇಳಿಸುವುದೆಂದು ನಿಯಮ ಮಾಡಿಕೊಂಡೆವು. ಪವರ್ ಬ್ಯಾಂಕ್, ಸೆಂಟಿನ ಸ್ಪ್ರೇ ಡಬ್ಬಗಳನ್ನೂ ಬಿಸಿ ಕಾರಿನಲ್ಲಿ ಬಿಡಬಾರದು.

ನಮಾಝ್‌ಗೆಂದು ಒಯ್ದದ್ದು ಒಂದು ಹಗುರ ಮುಸಲ್ಲಾ, ವುಝೂವಿಗೆ ಎರಡು ಕ್ಯಾನ್ ನೀರು, ಒಂದು ದಿಕ್ಸೂಚಿ. ದಮ್ಮಾಮ್‌ನಲ್ಲಿ ಪಶ್ಚಿಮದಿಂದ ದಕ್ಷಿಣಕ್ಕೆ ವಾಲುವ ಕಿಬ್ಲಾ, ಸಲಾಲದಲ್ಲಿ ಪಶ್ಚಿಮದಿಂದ ಉತ್ತರಕ್ಕೆ ವಾಲುತ್ತದೆ. ಝುಹ್ರ್, ಅಸ್ರ್, ಇಶಾ ನಮಾಝ್‌ಗಳನ್ನು ಎರಡೆರಡು ರಕಅತ್‌ಗೆ ಇಳಿಸಿ ಪ್ರಯಾಣಿಕನ ಹೊರೆಯನ್ನು ಅಲ್ಲಾಹನೇ ಹಗುರಗೊಳಿಸಿದ್ದಾನೆ. ಹಾಗಿರುವಾಗ ಮನೆಯ ಹೆಂಗಸಿನ ಹೊರೆಯನ್ನು ಮನೆಯವರು ಹಗುರಗೊಳಿಸಬಾರದೇ?

ಈ ಪ್ರಶ್ನೆಯನ್ನು ನಾನು ಊಟದ ಹೊತ್ತಿನಲ್ಲಿ ಎತ್ತಿದೆ. ಪ್ರವಾದಿ(ಸ)ರವರು ಮನೆಯಲ್ಲಿ ತಮ್ಮ ಬಟ್ಟೆಯನ್ನು ತಾವೇ ಹೊಲಿಯುತ್ತಿದ್ದರು, ಪಾದರಕ್ಷೆಯನ್ನು ತಾವೇ ಸರಿಪಡಿಸುತ್ತಿದ್ದರು ಎಂದು ಆಯಿಶಾ(ರ) ತಿಳಿಸಿದ್ದಾರಲ್ಲ. ಅಂದಮೇಲೆ ನಮ್ಮ ಮನೆಯಲ್ಲಿ ಬ್ಯಾಗ್ ತುಂಬಲು ಯಾರಿಗೆ ಸಂಕೋಚ? ಪಾಸ್‌ಪೋರ್ಟ್, ಇಖಾಮ, ವೀಸಾ, ಕಾರಿನ ಕಾಗದ, ಮೂರು ದೇಶಗಳ ವಿಮೆಯ ಫೈಲು ನಮ್ಮವರ ಪಾಲಾಯಿತು. ಒಂಬತ್ತರ ಮಗಳು ತನ್ನ ಮತ್ತು ತಮ್ಮನ ಬಟ್ಟೆ ಜೋಡಿಸಿದಳು. ಮಂಜಿನ ಹನಿಗೆ ಕೊಡೆ ಸಾಲದೆಂದು ಎಲ್ಲರ ಮಳೆ ಜಾಕೆಟನ್ನು ನೆನಪಿಸಿದ್ದೂ ಅವಳೇ. ಹದಿಮೂರರ ಮಗನಿಗೆ ಔಷಧಿ ಪೆಟ್ಟಿಗೆ ಒಪ್ಪಿಸಿದೆ. ಉಪ್ಪನಿಗೆ ಸಕ್ಕರೆ ಇಳಿದರೆ ಏನು ಮಾಡಬೇಕೆಂದು ಕಲಿಸಿ, ಪೆಟ್ಟಿಗೆಯ ಹೊರ ಜೇಬಿನಲ್ಲಿ ಜ್ಯೂಸ್, ಗ್ಲೂಕೋಸ್, ಖರ್ಜೂರ ಅವನ ಕೈಯಿಂದಲೇ ಇಡಿಸಿದೆ.

ಇದರ ಬೆಲೆ ತಿಳಿದದ್ದು ಒಮಾನ್‌ನ ಮರುಭೂಮಿಯಲ್ಲಿ. ಮಸ್ಕತ್ ಕಡೆಯಿಂದ ಸಲಾಲಕ್ಕೆ ಸುಮಾರು ಸಾವಿರ ಕಿಲೋಮೀಟರ್. ಹೈಮಾ ದಾಟಿದ ಮೇಲೆ ಊರುಗಳು ವಿರಳ. ಅಲ್ಲೊಂದು ಪೆಟ್ರೋಲ್ ಬಂಕ್‌ನಲ್ಲಿ ಮಗಳು ಮತ್ತು ಕಿರಿಯವನೊಂದಿಗೆ ನಾನು ಮಹಿಳೆಯರ ನಮಾಝ್ ಕೋಣೆಗೆ ಹೋಗಿದ್ದೆ. ಊಟ ತಡವಾಗಿತ್ತು. ಮರಳಿ ಬಂದಾಗ ನಮ್ಮವರು ಸೀಟಿಗೊರಗಿ ಕುಳಿತಿದ್ದರು, ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಮಗನ ಕೈಯಲ್ಲಿ ಖಾಲಿ ಜ್ಯೂಸ್ ಪೊಟ್ಟಣ.

"ಉಪ್ಪನ ಕೈ ನಡುಗುತ್ತಿತ್ತು ಉಮ್ಮಾ. ಜ್ಯೂಸ್ ಕುಡಿಸಿದೆ. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕಲ್ಲ, ಈಗ ಒಂಬತ್ತು ನಿಮಿಷ ಆಯ್ತು" ಎಂದ.

ಹದಿನೈದನೇ ನಿಮಿಷಕ್ಕೆ ಸಕ್ಕರೆ ಸಮಸ್ಥಿತಿಗೆ ಬಂದಿತ್ತು. ಅಲ್‌ಹಮ್ದುಲಿಲ್ಲಾಹ್. ಊಟ ಮಾಡಿ, ಪೂರ್ತಿ ಚೇತರಿಸಿಕೊಂಡ ಮೇಲೆಯೇ ಹೊರಟೆವು. ಆ ಪೆಟ್ಟಿಗೆಯನ್ನು ಎಂದಿನಂತೆ ನಾನೇ ತುಂಬಿದ್ದರೆ ಆ ಹೊತ್ತಿನಲ್ಲಿ ಹುಡುಗ ಎಷ್ಟು ಬ್ಯಾಗ್ ಬಿಚ್ಚಿ ಹುಡುಕಬೇಕಿತ್ತೋ ಏನೋ. ಗಾಡಿ ಓಡುತ್ತಿರುವಾಗ ಹೀಗಾಗಿದ್ದರೆ ಎಂದು ಯೋಚಿಸಲೂ ಭಯವಾಗುತ್ತದೆ.

ಸಹೋದರಿಯರೇ, ಎಲ್ಲವನ್ನೂ ನಾವೇ ಮಾಡುವುದು ಪ್ರೀತಿ ಎಂದು ನಾವು ತಿಳಿದಿದ್ದೇವೆ. ಆದರೆ ಮನೆಯ ಯಾವ ವಸ್ತು ಎಲ್ಲಿದೆ ಎಂಬುದು ತಾಯಿಗೆ ಮಾತ್ರ ಗೊತ್ತಿದ್ದರೆ, ಅವಳಿಲ್ಲದ ಐದು ನಿಮಿಷವೂ ಆ ಮನೆಗೆ ಅಪಾಯವೇ. ಮುಂದಿನ ರಜೆಯಲ್ಲಿ ಗಂಡು ಮಕ್ಕಳ ಕೈಗೂ ಒಂದೊಂದು ಬ್ಯಾಗ್ ಕೊಡಿ. ಅಂಗಿ ಸುಕ್ಕಾಗಲಿ, ಕಾಲುಚೀಲ ಜೋಡಿ ತಪ್ಪಲಿ, ಕಲಿಯುತ್ತಾರೆ. ಉಳಿದ ಸಮಯದಲ್ಲಿ ನಿಮ್ಮ ಬ್ಯಾಗನ್ನೂ ಸಾವಧಾನವಾಗಿ ತುಂಬಿಕೊಳ್ಳಿ. ಎಲ್ಲರದ್ದೂ ಮುಗಿದ ಮೇಲೆ ನಡುರಾತ್ರಿಯಲ್ಲಿ ಅವಸರದಿಂದ ತುಂಬುವುದು ಯಾವಾಗಲೂ ಅದನ್ನೇ ಅಲ್ಲವೇ?